ಗೋಡೆಗೆ ಮುಖ ಮಾಡಿ ನಿಂತ ಹೆಡ್‌ಮಾಸ್ತರರು

ನನಗೆ ಓದು ಕಲಿಸಿದ ಅಕ್ಕೋರೇ,

ಬನಹಟ್ಟಿಯ ಶಾಲೆಯಲ್ಲಿ ನಾನು ಓದುತ್ತ ತಡವರಿಸಿದಾಗ ನೀವು ಗೋಡೆಯ ಕಡೆ ತಿರುಗಿ ನಿಲ್ಲುತ್ತಿದ್ದಿರಿ. ಯಾರೂ ನೋಡದಿದ್ದರೆ ನನ್ನ ಬಾಯಿ ಬಿಚ್ಚುತ್ತದೆಂದು ನಿಮಗೆ ಹೇಗೆ ತಿಳಿಯಿತು? ಕೇಳಬೇಕೆಂದಿದ್ದೆ, ಅಷ್ಟರಲ್ಲಿ ನೀವು ತೀರಿಕೊಂಡಿರಿ. ಏಳನೆಯ ತರಗತಿಗೇ ನನ್ನ ಶಾಲೆ ಮುಗಿಯಿತು. ಈಗ ಬೀಳಗಿ ಕಡೆಯ ಹಳ್ಳಿಯೊಂದರ ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತೇನೆ.

ಕಳೆದ ಗುರುವಾರ ಪ್ರಾರ್ಥನೆ ಮುಗಿದ ಮೇಲೆ ಹೆಡ್‌ಮಾಸ್ತರರು ಮಕ್ಕಳಿಗೆ ತಾಕೀತು ಮಾಡಿದರು. “ಓದು-ಬರಹದ ಸರ್ವೇ ಮಾಡಾಕ ಬರತಾರ. ಎಲ್ಲಾರೂ ಓದೂದಂದ್ರ ಭಾಳ ಇಷ್ಟ ಅನ್ನಬೇಕು. ಸಾಲಿ ಹೆಸರ ಕೆಡಿಸಿದವರನ್ನ ನಾ ನೋಡ್ಕೋತೇನಿ.” ನನ್ನ ಕಡೆಗೂ ಒಮ್ಮೆ ನೋಡಿದರು. ನನ್ನ ಕೆಲಸ ಅವರ ಒಂದು ಮಾತಿನ ಮೇಲೆ ನಿಂತಿದೆ.

ಅಂದೇ ಐದನೆಯ ತರಗತಿಗೆ ಸರ್ವೇ ಮೇಡಂ ಬಂದರು, ಮೈಸೂರು ಕಡೆಯವರು. ಜೊತೆಗೆ ಹೆಡ್‌ಮಾಸ್ತರರೂ ಬಂದು ನಿಂತರು. “ಓದುವುದರ ಬಗ್ಗೆ ನಿಮಗೆ ಏನನ್ನಿಸುತ್ತೆ?”

“ಭಾಳ ಇಷ್ಟರೀ.” ಇಡೀ ತರಗತಿ ಒಂದೇ ರಾಗದಲ್ಲಿ ಹೇಳಿತು.

ಮೇಡಂ ಪೆನ್ನು ಕೆಳಗಿಟ್ಟು, ಬಾಗಿಲಲ್ಲಿ ಬೇಳೆ ಆರಿಸುತ್ತಿದ್ದ ನನ್ನನ್ನು ಕರೆದರು. “ನಿಮ್ಮ ಮಾತಿನಲ್ಲಿ ನೀವೇ ಕೇಳಿ ನೋಡಿ.” ಹೆಡ್‌ಮಾಸ್ತರರ ಕಣ್ಣು ನನ್ನ ಮೇಲಿತ್ತು. ಮೊದಲ ಸಾಲಿನಲ್ಲಿ ರೇಣುಕಾ ಇದ್ದಳು. ಓದಲು ಎಬ್ಬಿಸಿದ ದಿನ ಆ ಹುಡುಗಿ ಊಟಕ್ಕೇ ಬರುವುದಿಲ್ಲ. ಅದು ಗೊತ್ತಿದ್ದೂ ಸುಮ್ಮನಿರಲೇ?

“ದೊಡ್ಡವರೆಲ್ಲಾ ಒಂದೀಟು ಗ್ವಾಡಿ ಕಡೆ ಮಾರಿ ಮಾಡ್ರಿ ಸರ್,” ಎಂದೆ.

“ಏನವಾ, ನಮಗ ಶಿಕ್ಷಾ ಕೊಡತೀ ಏನು?” ಎಂದರು ಹೆಡ್‌ಮಾಸ್ತರರು. ಮಕ್ಕಳು ಕಿಸಕ್ಕೆಂದರು. ಮೇಡಂ ತಿರುಗಿದರು, ತರಗತಿಯ ಟೀಚರೂ ತಿರುಗಿದರು. ಕೊನೆಗೆ ಹೆಡ್‌ಮಾಸ್ತರರೂ.

“ಈಗ ಹೇಳ್ರಿ. ಓದು ಅಂದಕೂಡ್ಲೇ ಏನ ಆಗತೈತಿ?” ಎಂದು ಮಕ್ಕಳನ್ನು ಕೇಳಿದೆ.

ಮೊದಲು ರೇಣುಕಾ, “ಹೊಟ್ಯಾಗ ಹಿಂಡಿದಂಗ ಆಗತೈತ್ರಿ. ತಪ್ಪಿದ್ರ ನಗತಾರ,” ಎಂದಳು. “ನನಗೂರಿ,” ಎಂದು ಹಿಂದಿನಿಂದ ಒಂದು ದನಿ, ಮತ್ತೊಂದು ದನಿ.

ಗೋಡೆಯ ಕಡೆಯಿಂದ ಟೀಚರೂ ಮೆಲ್ಲಗೆ ಹೇಳಿದರು. “ತಪಾಸಣಿಗೆ ಬಂದ ಸಾಹೇಬ್ರ ಮುಂದ ಓದೂವಾಗ ನನಗೂ ಹಂಗ ಆಗತೈತಿ. ನೌಕರಿ ಸಿಕ್ಕಮ್ಯಾಲ ಪಾಠದ ಪುಸ್ತಕ ಬಿಟ್ಟು ಬ್ಯಾರೆ ಏನೂ ಓದಿಲ್ಲ, ಖರೆ ಹೇಳತೇನಿ.” ಹೆಡ್‌ಮಾಸ್ತರರು ಮಾತ್ರ ಎಷ್ಟು ಹೊತ್ತಾದರೂ ಗೋಡೆಯಿಂದ ಈಚೆ ತಿರುಗಲಿಲ್ಲ.

ಅವತ್ತು ನಾನು ಪಾತ್ರೆ ತೊಳೆಯುವಾಗ ಹೆಡ್‌ಮಾಸ್ತರರು ಬಂದು ನಿಂತರು. “ಸೋಮವಾರ ಸಾಲಿ ಕಮಿಟಿ ಮೀಟಿಂಗ್ ಐತಿ. ನಿನ್ನ ಕೆಲಸದ ಮಾತೂ ಬರತೈತಿ.” ನಾಳೆಯೇ ಸೋಮವಾರ, ಅಕ್ಕೋರೇ. ಕೆಲಸ ಹೋದರೆ ಮನೆಯಲ್ಲಿ ಏನೆಂದು ಹೇಳಲಿ?

ನಿನ್ನೆ ಟೀಚರು ಮಕ್ಕಳ ನಡುವೆ ನೆಲದ ಮೇಲೆ ಕುಳಿತು ಒಂದು ಕತೆ ಓದಿದರು. ಒಂದು ಕಡೆ ತಪ್ಪಿದರು. “ಅಲ್ಲರಿ ಟೀಚರ್,” ಎಂದು ರೇಣುಕಾ ಪುಟದ ಮೇಲೆ ಬೆರಳಿಟ್ಟು ಆ ಸಾಲನ್ನು ತಾನೇ ಓದಿದಳು. ನಿಲ್ಲುತ್ತ ನಿಲ್ಲುತ್ತ, ಕೊನೆಯವರೆಗೂ. ಯಾರೂ ನಗಲಿಲ್ಲ.

ನಾಳೆ ಕಮಿಟಿಯವರಿಗೆ ರೇಣುಕಾ ಓದಿದ್ದನ್ನು ಹೇಳುತ್ತೇನೆ. ನನ್ನನ್ನು ಇಟ್ಟುಕೊಳ್ಳಲಿ, ಬಿಡಲಿ, ಹೇಳಿಯೇ ಹೊರಗೆ ಬರುತ್ತೇನೆ.