ಟ್ಯಾಂಕಿನ ಹುಳು, ಕೆರೆಯ ಹೆಸರು

ಫೆಬ್ರುವರಿ 7, ಶುಕ್ರವಾರ

ಶುಕ್ರವಾರ ಎಂದರೆ ಸೆಮಿನಾರ್, ಸೆಮಿನಾರ್ ಎಂದರೆ ಚೀಟಿ. ಇವತ್ತು ನನ್ನ ಗೈಡ್ ಯೋಗಾನಂದ ಸರ್ ಅವರದೇ ಟಾಕ್. ಬೆಳಿಗ್ಗೆಯೇ ಕರೆದು ಪ್ರಶ್ನೆಗಳ ಚೀಟಿ ಹಂಚಿದರು — ಯಾರು ಏನು ಕೇಳಬೇಕು, ಯಾರಾದ ಮೇಲೆ ಯಾರು. ನಮ್ಮ ಡಿಪಾರ್ಟ್‌ಮೆಂಟಿನ ಸಂಪ್ರದಾಯ. ಹೊರಗಿನವರಿಗೆ ‘ಎಷ್ಟು ಚುರುಕು ಮಕ್ಕಳು’ ಅನ್ನಿಸಬೇಕು. ಬೇಡದ ಪ್ರಶ್ನೆಗೆ ಸಮಯ ಉಳಿಯಬಾರದು.

ಟಾಕ್ ಪೂರ್ತಿ ನನ್ನ ಬಸವನಹುಳುಗಳೇ. ಜಕ್ಕೂರು ಕೆರೆಯ ಹುಳು ಕೊಳಚೆ ನೀರಿಗೆ ಹೇಗೆ ಹೊಂದಿಕೊಂಡಿದೆ ಅಂತ. ನನ್ನ ಐದು ವರ್ಷ, ಅವರ ಸ್ಲೈಡು. ನನ್ನ ಚೀಟಿಯಲ್ಲಿದ್ದದ್ದು: ‘ಸರ್, ಬೇರೆ ಕೆರೆಗಳಲ್ಲೂ ಹೀಗೇ ಇರಬಹುದೇ?’ ಎದ್ದು ಕೇಳಿದೆ.

“ಎಕ್ಸಲೆಂಟ್ ಕ್ವೆಶ್ಚನ್!” ಎಂದರು. ಬರೆದುಕೊಟ್ಟವರು ತಾವೇ! ನಗು ತಡೆಯಲು ತುಟಿ ಕಚ್ಚಿಕೊಂಡೆ. ಆಮೇಲೆ ವಡೆ, ಕಾಫಿ. ವಡೆ ಚೆನ್ನಾಗಿತ್ತು.

28ಕ್ಕೆ ನನ್ನ ಕೊನೆಯ ಟಾಕ್. ಅದಾದರೆ ಸರ್ ಸೈನ್, ಥೀಸಿಸ್ ಸಬ್‌ಮಿಟ್. ಬಿಡುಗಡೆ. ಅಬ್ಬಾ.

ಫೆಬ್ರುವರಿ 11, ಮಂಗಳವಾರ

ಏರ್ ಶೋ ವಾರ. ತಲೆಯ ಮೇಲೆ ವಿಮಾನಗಳ ಅಬ್ಬರ, ಹೆಬ್ಬಾಳದ ಫ್ಲೈಓವರ್ ಮೇಲೆ ಬಸ್ಸು ನಿಂತಲ್ಲೇ ನಿಂತಿತ್ತು. ಅಲ್ಲೇ ಮೇಲ್ ಬಂತು — ಡಿಎನ್‌ಎ ರಿಪೋರ್ಟ್. ಹುಳುವಿನ ಜಾತಿ ಖಚಿತಪಡಿಸಿ ಅಂತ ನಮ್ಮ ಲೇಖನ ಹೋಗಿದ್ದ ಜರ್ನಲ್‌ನವರು ಕೇಳಿದ್ದರು. ಬರೀ ಫಾರ್ಮಾಲಿಟಿ ಅಂದುಕೊಂಡು ಸ್ಯಾಂಪಲ್ ಕಳಿಸಿದ್ದೆ.

ನಮ್ಮ ಲ್ಯಾಬಿನ ಹುಳು ಜಕ್ಕೂರಿನದಲ್ಲ. ಬೇರೆಯೇ ಜಾತಿ. ಹೊರದೇಶದ್ದು, ಅಕ್ವೇರಿಯಂ ಗಿಡಗಳ ಜೊತೆ ಬರುವಂಥದ್ದು.

ಲ್ಯಾಬಿಗೆ ಓಡಿದೆ. ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಚಿಪ್ಪಿನ ಮೇಲೆ ಸಣ್ಣ ಗೆರೆಗಳು — ಹುಡುಕಿದರೆ ಮಾತ್ರ ಕಾಣುವಂಥವು. ನಾನು ಸೇರುವ ಮೊದಲೇ ಕೆರೆಯಿಂದ ತಂದು, ಕೆಡದಂತೆ ಬಾಟಲಿಯಲ್ಲಿಟ್ಟಿದ್ದ ಹುಳುಗಳಿಗೆ ಗೆರೆ ಇಲ್ಲ. ಅಷ್ಟೇ, ಅರ್ಥವಾಯಿತು. ಯಾರೋ ಹುಳು ಸಾಕುವ ಟ್ಯಾಂಕಿಗೆ ಹಸಿರಿರಲಿ ಅಂತ ಅಂಗಡಿಯಿಂದ ನೀರಿನ ಗಿಡ ತಂದು ಹಾಕಿದ್ದಾರೆ. ಎಲೆಯಡಿ ಮೊಟ್ಟೆ ಅಂಟಿಕೊಂಡಿದೆ. ಬಂದವು ಬೆಳೆದವು, ಕೆರೆಯವು ಸತ್ತವು. ನೋಡಲು ಎರಡೂ ಒಂದೇ ಥರ. ಯಾರೂ ನೋಡಲಿಲ್ಲ.

ಐದು ವರ್ಷ ಸೊಪ್ಪು ಬೇಯಿಸಿ ಹಾಕಿದ್ದು ಯಾರಿಗೆ? ಶಿವನೇ.

ಫೆಬ್ರುವರಿ 12

ಸರ್‌ಗೆ ಹೇಳಿದೆ. “ಬಾಗಿಲು ಹಾಕಮ್ಮಾ,” ಎಂದರು. ರಿಪೋರ್ಟ್ ಓದಿದರು. ಕನ್ನಡಕ ತೆಗೆದಿಟ್ಟರು.

“ಯಾರಿಗೆ ಹೇಳಿದ್ದೀಯ?”

“ಯಾರಿಗೂ ಇಲ್ಲ ಸರ್.”

“ಗುಡ್. ನೋಡು ಮಹತಿ, ಹುಳ ನಿಜ, ರೀಡಿಂಗ್ ನಿಜ. ಹೆಸರೊಂದು ತಪ್ಪು. ಅದನ್ನ ಆಮೇಲೆ ತಿದ್ಕೊಳ್ಳೋಣ. ಮೊದ್ಲು ಸಬ್‌ಮಿಟ್ ಮಾಡು.”

“ಆದ್ರೆ ಸರ್… ಥೀಸಿಸ್ ಇರೋದೇ ಕೆರೆ ಮೇಲಲ್ವಾ?”

“ಹಾಗಾದ್ರೆ ಕೆರೆಗೆ ಹೋಗು. ಹೊಸ ಹುಳ ತಗೊಂಡ್ ಬಂದು ಮೊದ್ಲಿಂದ ಶುರು ಮಾಡು. ನಿನ್ ರಿಜಿಸ್ಟ್ರೇಷನ್ ಮಾರ್ಚ್‌ಗೆ ಮುಗಿಯುತ್ತೆ. ಎಕ್ಸ್‌ಟೆನ್ಷನ್‌ಗೂ ನನ್ ಸೈನೇ ಬೇಕು, ಗೊತ್ತಲ್ಲ?”

ದನಿ ಏರಿಸಲಿಲ್ಲ. ನನಗೂ ಒಂದು ಕಾಫಿ ತರಿಸಿದರು. ಬೈದಿದ್ದರೆ ಜಗಳವಾದರೂ ಆಡಬಹುದಿತ್ತು. ಅತ್ತ ದರಿ, ಇತ್ತ ಪುಲಿ. ಪುಲಿ ಎದುರಿಗೇ ಕೂತು ಕಾಫಿ ಕುಡಿಯುತ್ತಿತ್ತು. ನಾನೂ ಕುಡಿದೆ.

ಫೆಬ್ರುವರಿ 16, ಭಾನುವಾರ

ಯಲಹಂಕದ ಮನೆ. ಅಮ್ಮನಿಗೆ ಸಡಗರ. ಟಾಕ್‌ಗೆ ಮನೆಯವರೂ ಬರಬಹುದು ಅಂತ ಯಾರೋ ಹೇಳಿಬಿಟ್ಟಿದ್ದಾರೆ. ಅಮ್ಮ ಜಕ್ಕೂರಿನ ಹಳೇ ಊರಿನಲ್ಲೇ ಹುಟ್ಟಿದವಳು. “ನಮ್ ಕೆರೆ ಮೇಲೇ ಡಾಕ್ಟ್ರೇಟ್ ಕಣ್ರೀ” ಅಂತ ಇಡೀ ಬೀದಿಗೆ ಸಾರಿ ಆಗಿದೆ. ತಿಳಿಹಸಿರು ಸೀರೆ ತೆಗೆದಿಟ್ಟಿದ್ದಾಳೆ.

“ಯಾಕೇ ಸಪ್ಪಗಿದ್ದೀಯ? ಭಯಾನಾ?”

“ಹೂಂ, ಭಯ.”

“ಓದಿರೋಳಿಗೆ ಎಂಥ ಭಯವೇ?” ಎಂದು ಇನ್ನೊಂದು ಚಪಾತಿ ಹಾಕಿದಳು. ಹೇಳಿಬಿಡೋಣ ಅನ್ನಿಸಿತು. ಹೇಳಿ ಏನು ಮಾಡಲಿ, ಅವಳು ಸೀರೆ ಮಡಿಸಿಡುವುದನ್ನು ನೋಡಲೇ?

ಫೆಬ್ರುವರಿ 24

ಎಂಟು ದಿನ ಬರೆಯಲಿಲ್ಲ. ಸ್ಲೈಡ್ ಮಾಡಿದೆ. ಪ್ರತಿ ಸ್ಲೈಡಿನಲ್ಲೂ ‘ಜಕ್ಕೂರು’. ಕೈ ತಾನಾಗಿಯೇ ಟೈಪ್ ಮಾಡುತ್ತೆ.

ನನ್ನ ಟಾಕ್‌ನ ಚೀಟಿ ಧನುಶ್ರೀಗೆ ಬಂದಿದೆ. ಜನವರಿಯಲ್ಲಿ ಸೇರಿದ ಜೂನಿಯರ್. ಅವಳ ಪಿಎಚ್‌ಡಿಯೂ ಇದೇ ಹುಳುಗಳ ಮೇಲೆ. ಮುಂದಿನ ತಿಂಗಳು ಶುರು. ಇವತ್ತು ಒಂದು ಐಡಿಯಾ ಹೊಳೆಯಿತು. ಚೀಟಿ ಬದಲಿಸೋಣ. ‘ಇದು ಕೆರೆಯ ಹುಳುವೇ ಎಂದು ಹೇಗೆ ಗೊತ್ತು?’ ಎಲ್ಲರೆದುರು ಯಾರಾದರೂ ಕೇಳಿದರೆ ಸುಳ್ಳು ಹೇಳಲಾರೆ. ಬರೆದೆ. ತೆಗೆದುಕೊಂಡು ಹೋದೆ. ಕಾರಿಡಾರಿನಲ್ಲಿ ತನ್ನ ಪ್ರಶ್ನೆ ಉರು ಹೊಡೆಯುತ್ತಿದ್ದಳು.

“ಅಕ್ಕಾ, ಒಂದಕ್ಷರ ತಪ್ಪಿಲ್ದೇ ಕೇಳ್ತೀನಿ. ಟೆನ್ಷನ್ ಬೇಡ!”

ವಾಷ್‌ರೂಮಿಗೆ ಹೋಗಿ ಹರಿದು ಹಾಕಿದೆ. ನಾನು ಹೇಳಲಾಗದ್ದನ್ನು ಅವಳ ಬಾಯಿಂದ ಹೇಳಿಸಿ ಅವಳ ಗೈಡ್ ಎದುರು ಅವಳನ್ನು ನಿಲ್ಲಿಸುವುದೇ? ಛೀ.

ಫೆಬ್ರುವರಿ 28, ಶುಕ್ರವಾರ. ರಾತ್ರಿ

ಮುಗಿಯಿತು.

ಎಲ್ಲ ಸರಿಯಾಗಿಯೇ ಹೋಯಿತು. ಧನುಶ್ರೀ ಎದ್ದು ಕೇಳಿದಳು, ಒಂದಕ್ಷರ ತಪ್ಪಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಮುಂದಿನ ಸಾಲಿನಿಂದ ಸರ್ ಎದ್ದು ತಾವೇ ಉತ್ತರ ಕೊಟ್ಟರು. ಇನ್ನೇನು ಥ್ಯಾಂಕ್ಯೂ ಹೇಳಬೇಕು — ಹಿಂದಿನ ಸಾಲಿನಲ್ಲಿ ಒಂದು ಕೈ. ತಿಳಿಹಸಿರು ಸೀರೆ.

“ನಮಸ್ಕಾರ. ನಾನು ಇವಳ ತಾಯಿ. ಚಿಕ್ಕೋರಿದ್ದಾಗ ನಾವು ಜಕ್ಕೂರು ಕೆರೇಲಿ ಬಟ್ಟೆ ಒಗೀತಿದ್ವಿ. ಕಲ್ಲಿಗೆ ಅಂಟ್ಕೊಂಡಿರ್ತಿತ್ತಲ್ಲ, ಇದು ಅದೇ ಹುಳಾನಾ?”

ಹಾಲ್ ಪೂರ್ತಿ ಪ್ರೀತಿಯಿಂದ ನಕ್ಕಿತು. ಸರ್ ಕೂಡ. “ಅದೇ ಅಮ್ಮಾ, ಅದೇ! ನಿಮ್ ಕೆರೇದೇ.”

ಅಮ್ಮ ಅವರನ್ನು ನೋಡಲೇ ಇಲ್ಲ. ನನ್ನನ್ನೇ ನೋಡುತ್ತಿದ್ದಳು. “ಹೌದೇನೇ?”

“ಹೌದಮ್ಮ.”

ಚಪ್ಪಾಳೆ. ಸರ್ ಅಲ್ಲೇ ಸೈನ್ ಹಾಕಿದರು. ಅಪ್ಪ ಫೋಟೊ ತೆಗೆದರು. ನನಗೆ ಅಳು ಬಂತು; ಸಂತೋಷಕ್ಕೆ ಅಂದುಕೊಂಡರು. ಅಮ್ಮ ಸೆರಗಿನಿಂದ ನನ್ನ ಕಣ್ಣೊರೆಸಿದಳು. ಅಷ್ಟು ಸಲೀಸಾಗಿ ಹೇಗೆ ಬಂತು ಆ ‘ಹೌದಮ್ಮ’? ಬೇರೆ ಯಾರಿಗಾದರೂ ಹೇಳಿದ್ದರೆ ಇಷ್ಟು ಸುಡುತ್ತಿರಲಿಲ್ಲ.

ಮಾರ್ಚ್ 3, ಸೋಮವಾರ. ಬೆಳಿಗ್ಗೆ, ಲ್ಯಾಬಿನಲ್ಲೇ

ಈಗಷ್ಟೇ ಧನುಶ್ರೀ ಹೊಸ ಟ್ರೇ ಹಿಡಿದು ಬಂದಳು. ಹುಳು ಬೇಕಂತೆ, ಇವತ್ತೇ ಶುರು ಮಾಡುತ್ತಾಳಂತೆ. ಮುಖದಲ್ಲಿ ಹಬ್ಬ.

ಬಾಗಿಲು ಹಾಕಿದೆ. “ಟ್ರೇ ಕೆಳಗಿಡು. ಕೂತ್ಕೋ,” ಎಂದೆ. ಎಲ್ಲ ಹೇಳಿದೆ. ಗಿಡ, ಮೊಟ್ಟೆ, ರಿಪೋರ್ಟ್, ಸರ್ ಹೇಳಿದ್ದು. ಚಿಪ್ಪಿನ ಗೆರೆಗಳನ್ನೂ ತೋರಿಸಿದೆ. ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆದಳು.

“ಅಕ್ಕಾ, ನಿಮ್ದು ಸೈನ್ ಆಗೋಯ್ತು. ಈಗ್ಯಾಕೆ ನಂಗೆ ಹೇಳಿದ್ರಿ? ಗೊತ್ತಿಲ್ದೇ ಇದ್ದಿದ್ರೆ ಆರಾಮಾಗಿ ಮಾಡ್ಕೊಂಡ್ ಹೋಗ್ತಿದ್ದೆ. ಈಗ ಏನ್ ಮಾಡ್ಲಿ ಹೇಳಿ?”

ಎದೆಯ ಭಾರ ಇಳಿಸಿಕೊಳ್ಳಲು ಹೇಳಿದ್ದೆ ಅಷ್ಟೇ. ಅದನ್ನು ಅವಳ ತಲೆಯ ಮೇಲಿಟ್ಟೆ.

ಅಷ್ಟರಲ್ಲಿ ಸರ್ ಬಾಗಿಲು ತೆರೆದರು. “ಏನ್ರಮ್ಮಾ, ಏನ್ ಮೀಟಿಂಗು?”

ನಾನು ಬಾಯಿ ತೆರೆಯುವ ಮೊದಲೇ ಧನುಶ್ರೀ ಎದ್ದು ನಿಂತಳು. ನಗುಮುಖ. “ಏನಿಲ್ಲ ಸರ್. ಮಹತಿ ಅಕ್ಕ ಹುಳ ಸಾಕೋದು ಹೇಗಂತ ಹೇಳ್ಕೊಡ್ತಿದ್ರು.”

“ಗುಡ್, ಗುಡ್. ಚೆನ್ನಾಗ್ ಕಲ್ತ್ಕೋ.” ಹೋದರು.

ಟ್ರೇ ಎತ್ತಿಕೊಂಡು ಅವಳೂ ಹೋದಳು. ನನ್ನ ಕಡೆ ನೋಡಲಿಲ್ಲ. ಎಷ್ಟು ಬೇಗ ಕಲಿತಳು! ನಾನೇ ಕಲಿಸಿದ್ದು.

ಸರ್ ರೂಮಿನಲ್ಲಿದ್ದಾರೆ. ಬಾಗಿಲು ತೆರೆದಿದೆ, ಫೋನಿನಲ್ಲಿ ಮಾತಾಡುತ್ತಿರುವುದು ಕೇಳಿಸುತ್ತಿದೆ. ಜಕ್ಕೂರಿನ ಹೆಸರಿನಲ್ಲಿ ಈ ಥೀಸಿಸ್ ಕೊಡಲಾರೆ ಅಂತ ಹೇಳಿಬಿಡುತ್ತೇನೆ. ಸೈನ್ ವಾಪಸ್ ತೆಗೆದುಕೊಳ್ಳಲಿ, ಅಮ್ಮನಿಗೆ ಆಮೇಲೆ ಹೇಳುತ್ತೇನೆ. ಪಕ್ಕದ ಕೋಣೆಯಲ್ಲಿ ಧನುಶ್ರೀ ನಲ್ಲಿ ಬಿಟ್ಟಿದ್ದಾಳೆ, ಟ್ರೇಗೆ ನೀರು ತುಂಬುತ್ತಿದೆ. ಅವಳು ಮೊದಲನೇ ಹುಳು ಹಾಕುವುದರೊಳಗೆ ನಾನು ಎದ್ದು ಸರ್ ರೂಮಿಗೆ —