ಹೊಲಿಗೆ ಡಬ್ಬಿಯಲ್ಲಿದ್ದ ಪೈಪು

ಮಂಗಳವಾರ, ೯ನೇ ತಾರೀಕು

ಮಗಳ ಅಪ್ಪನಿಗೆ ನಮಸ್ಕಾರ.

‘ಏನೂಂದ್ರೆ’ ಎಂದೇ ಶುರು ಮಾಡೋಣವೆಂದುಕೊಂಡೆ. ಇಪ್ಪತ್ತು ವರ್ಷದಿಂದ ಆಡದ ಮಾತು, ಪೆನ್ನಿಗೂ ಬರಲಿಲ್ಲ. ಹಾಗಾಗಿ ಮೇಲೆ ಬರೆದದ್ದೇ ಇರಲಿ. ನಿಮ್ಮ ಕಾಗದಗಳಿಗೆ ನಾನು ಒಮ್ಮೆಯೂ ಉತ್ತರ ಬರೆದವಳಲ್ಲ. ಈಗ ಬರೆಯುತ್ತಿರುವುದು ಕೋಪ ಇಳಿದಿದೆಯೆಂದಲ್ಲ. ಈ ವಿಷಯ ಕೇಳಲು ನಿಮ್ಮನ್ನು ಬಿಟ್ಟರೆ ನನಗೆ ಬೇರೆ ಯಾರೂ ಇಲ್ಲ.

ನಿಮ್ಮ ಕೆಂಪಿ ಎದ್ದು ಕೂತಿದ್ದಾಳೆ. ಹೌದು, ಅದೇ ಕಾರು. ಮೂತಿ ನಜ್ಜುಗುಜ್ಜಾಗಿ ಹಿಂದಿನ ಶೆಡ್ಡಿನಲ್ಲಿ ಟಾರ್ಪಾಲು ಹೊದ್ದು ಬಿದ್ದಿದ್ದಳಲ್ಲ, ಅವಳೇ. ಗುಜರಿಯವನು ಮೂರು ಸಲ ಬಂದಿದ್ದ. ಮೂರು ಸಲವೂ ಏನೋ ಒಂದು ನೆಪ ಹೇಳಿ ಸಾಗಹಾಕಿದೆ. ಯಾಕೆ ಎಂದು ಕೇಳಬೇಡಿ, ನನಗೂ ಗೊತ್ತಿಲ್ಲ. ಆಗಲೇ ಕೊಟ್ಟು ಕೈತೊಳೆದುಕೊಂಡಿದ್ದರೆ ಇಂದು ಈ ಕಾಗದದ ಅಗತ್ಯವೇ ಇರುತ್ತಿರಲಿಲ್ಲ.

ಮಗಳಿಗೆ ಈಗ ಇಪ್ಪತ್ತೆರಡು. ಪಂಪು ರಿಪೇರಿ ಕಾರ್ಖಾನೆಯಲ್ಲಿ ಲೇತ್ ಯಂತ್ರ ನಡೆಸುತ್ತಾಳೆ. ಎರಡು ವರ್ಷದ ಹಿಂದೆ ಒಂದು ರಜೆಯ ದಿನ ಶೆಡ್ಡು ಗುಡಿಸುತ್ತೇನೆಂದು ಹೋದವಳು ಟಾರ್ಪಾಲು ಎಳೆದಳು. “ಅಮ್ಮಾ, ಇದು ಸುಮ್ನೆ ಕಾರಲ್ಲ, ಟರ್ಬೊ!” ಎಂದು ಅಲ್ಲಿಂದಲೇ ಕೂಗಿದಳು. ಆ ದನಿ ಥೇಟ್ ನಿಮ್ಮದೇ. ಬೇಡವೆಂದರೆ ಕೇಳುವ ಜಾತಿಯೇ ಅವಳು? ತುಕ್ಕು ತಿಂದ ಜಾಗವನ್ನೆಲ್ಲ ಕತ್ತರಿಸಿ ಹೊಸ ತಗಡು ಬೆಸೆದಳು. ಎಂಜಿನ್ ಬಿಚ್ಚಿ ಊಟದ ಮೇಜಿನ ಮೇಲೆ ಹರಡಿದಳು, ಆರು ತಿಂಗಳು ನಾವಿಬ್ಬರೂ ನೆಲದ ಮೇಲೆ ಕೂತು ಉಂಡೆವು. ಎಂಜಿನ್ನಿಗೆ ಬಿರುಸು ಕೊಡುವ ಹಳೆಯ ಟರ್ಬೊ ಸಾಲದೆಂದು ಅದಕ್ಕಿಂತ ದೊಡ್ಡದೊಂದನ್ನು ಎಲ್ಲಿಂದಲೋ ತರಿಸಿ ಕೂರಿಸಿದಳು. ಹುಚ್ಚು ನಿಮ್ಮದು, ಆದರೆ ಕೆಲಸದ ರೀತಿ ನನ್ನದು. ನೀವು ಬೋಲ್ಟು ಬಿಗಿದು ಶಿಳ್ಳೆ ಹಾಕುತ್ತಾ ಹೋಗುವವರು. ಅವಳು ಬಿಗಿದ ಪ್ರತಿ ಬೋಲ್ಟಿಗೂ, ಕೂರಿಸಿದ ಪ್ರತಿ ಪೈಪಿನ ತುದಿಗೂ ಉಗುರುಬಣ್ಣದಿಂದ ಒಂದು ಕೆಂಪು ಚುಕ್ಕೆ ಇಡುತ್ತಾಳೆ. ಚುಕ್ಕೆ ಬಿತ್ತೆಂದರೆ ಆ ಕೆಲಸ ಮುಗಿಯಿತೆಂದು ಲೆಕ್ಕ. ಬಣ್ಣದ ಶೀಶೆ ನನ್ನದು. ಹಚ್ಚಿಕೊಂಡು ಯಾರಿಗೆ ತೋರಿಸಲಿ ಎಂದು ಅವಳಿಗೇ ಕೊಟ್ಟುಬಿಟ್ಟೆ.

ನಾನೂ ಕೈಜೋಡಿಸಿದ್ದೇನೆ, ಸುಳ್ಳೇಕೆ ಹೇಳಲಿ. ಸೀಟಿನ ಹೊದಿಕೆಗಳನ್ನು ಹೊಲಿದುಕೊಟ್ಟವಳು ನಾನೇ. ಪಕ್ಕದ ಸೀಟಿನ ಹಳೆಯ ಬಟ್ಟೆ ಬಿಚ್ಚುವಾಗ ಮಡಿಕೆಯೊಳಗೆ ಒಂದು ಗುಂಡಿ ಸಿಕ್ಕಿತು. ಬೂದುಬಣ್ಣದ್ದು, ನಾಲ್ಕು ತೂತಿನದು. ನನ್ನ ತಮ್ಮ ಆ ದಿನ ಹಾಕಿಕೊಂಡಿದ್ದ ಅಂಗಿಯದು. ಆ ಅಂಗಿಯನ್ನೂ ನಾನೇ ಹೊಲಿದಿದ್ದೆ. ಮಗಳಿಗೆ ತೋರಿಸದೆ ಸೆರಗಿನಲ್ಲಿ ಕಟ್ಟಿಕೊಂಡೆ. ಮಾವ ಅಪಘಾತದಲ್ಲಿ ಹೋದ ಎಂದಷ್ಟೇ ಅವಳಿಗೆ ಗೊತ್ತು. ಯಾವ ಕಾರು, ಯಾವ ರಸ್ತೆ, ಸ್ಟೇರಿಂಗ್ ಹಿಡಿದಿದ್ದವರು ಯಾರು, ಒಂದನ್ನೂ ಹೇಳಿಲ್ಲ. ನೀವು ಕೆಲಸದ ಮೇಲೆ ದೂರ ಹೋದಿರಿ ಎಂದೇ ಅವಳು ನಂಬಿದ್ದಾಳೆ.

ಮೊನ್ನೆ ಭಾನುವಾರ ಎಲ್ಲ ಮುಗಿಯಿತು. ಒಂದೊಂದು ಚುಕ್ಕೆಯನ್ನೂ ಮುಟ್ಟಿ ನೋಡಿ ಬಾನೆಟ್ ಮುಚ್ಚಿದಳು. “ಇನ್ನು ಓಡ್ಸೋವರ್ಗೂ ಇದನ್ನ ತೆಗೆಯಲ್ಲ ಅಮ್ಮ. ತೆಗೆದ್ರೆ ಮತ್ತೇನಾದ್ರೂ ಕೆದಕ್ತೀನಿ, ಈ ಜನ್ಮಕ್ಕೆ ಮುಗಿಯಲ್ಲ” ಎಂದಳು. ಶನಿವಾರ ಹೊಸ ಟೈರು ಬರುತ್ತದೆ. ಈ ಭಾನುವಾರ ಬೆಳಗ್ಗೆ ಕಾರು ಹೊರಡುತ್ತದೆ. ಎಲ್ಲಿಗೆಂದು ಕೇಳಿದೆ. ಗುಡ್ಡದ ರಸ್ತೆಗಂತೆ. ಏರಿನಲ್ಲೇ ಟರ್ಬೊದ ಗತ್ತು ಗೊತ್ತಾಗುವುದಂತೆ.

ಬೇಡ ಕಣೇ ಎಂದೆ, ಗೋಗರೆದೆ, ಮಾತು ಬಿಟ್ಟೆ. ಅವಳು ಕೇಳಿದ್ದು ಒಂದೇ ಮಾತು: “ನನ್ನ ಕೈ ಮೇಲೆ ನಿಂಗೆ ನಂಬ್ಕೆ ಇಲ್ವಾ?” ನಂಬಿಕೆ ಇದೆ. ಕಾರಿನ ಮೇಲಿಲ್ಲ. ಆ ರಸ್ತೆ ನನ್ನ ತಮ್ಮನನ್ನು ತಿಂದಿದೆ, ಇರುವ ಒಬ್ಬ ಮಗಳನ್ನೂ ಅದರ ಬಾಯಿಗೆ ಹಾಕಿ ನಾನು ಬದುಕಲಾರೆ.

ನೀವು ಬರಬೇಕಾಗಿಲ್ಲ. ಬಂದರೆ ಬಾಗಿಲು ತೆಗೆಯುವುದೂ ಇಲ್ಲ. ಕೆಳಗೆ ಕೇಳಿದ್ದಕ್ಕೆ ಉತ್ತರ ಬರೆದರೆ ಸಾಕು.

ಇಂತಿ,
ಮಗಳ ಅಮ್ಮ

ಕೇಳಬೇಕಾದದ್ದು: ಆ ತೆಳ್ಳನೆಯ ಪೈಪು ನೆನಪಿದೆಯೇ? ಏಳು ತಿಂಗಳ ಬಸುರಿ ನಾನು, ನಿಮ್ಮ ಓಟಕ್ಕೆ ಹೆದರಿ ಇನ್ನು ಕಾರು ಹತ್ತುವುದಿಲ್ಲ ಎಂದು ಅತ್ತಿದ್ದೆ. ನೀವು ಬಾನೆಟ್ಟಿನೊಳಗೆ ಬಗ್ಗಿ, ಗೇಣುದ್ದದ ಕರಿ ರಬ್ಬರ್ ಪೈಪೊಂದನ್ನು ತಂದು ನನ್ನ ಅಂಗೈಗೆ ಹಾಕಿ, “ತಗೋ, ಇವಳ ಕೊಬ್ಬೆಲ್ಲ ಇದ್ರಲ್ಲೇ ಇದ್ದಿದ್ದು. ಇನ್ಮೇಲೆ ಕೆಂಪಿ ಹಸು” ಎಂದಿರಿ. ಹೆರಿಗೆಯವರೆಗೂ ಅದು ನಿಜಕ್ಕೂ ಹಸುವಿನ ಹಾಗೇ ಹೋಯಿತು. ತಮ್ಮ ಹೋದ ದಿನ ಆ ಪೈಪು ನನ್ನ ಹೊಲಿಗೆ ಡಬ್ಬಿಯಲ್ಲೇ ಇತ್ತು. ಅಂದರೆ ನೀವು ನನಗೆ ಹೇಳದೆ ಹೊಸದು ಹಾಕಿಸಿದ್ದಿರಿ. ಅದನ್ನೇ ನಾನು ಇವತ್ತಿಗೂ ಕ್ಷಮಿಸಿಲ್ಲ. ನಿನ್ನೆ ಮಧ್ಯಾಹ್ನ ಮಗಳು ಕೆಲಸಕ್ಕೆ ಹೋದಾಗ ಬಾನೆಟ್ ಎತ್ತಿದೆ. ಹಳೆಯ ಪೈಪನ್ನು ಪಕ್ಕಕ್ಕೆ ಹಿಡಿದು ಹೋಲಿಸಿ, ಟರ್ಬೊದ ಮಗ್ಗುಲಲ್ಲಿದ್ದ ಅಂಥದ್ದೇ ಪೈಪನ್ನು ಕಿತ್ತೆ. ಈಗ ಎರಡೂ ಡಬ್ಬಿಯಲ್ಲಿವೆ. ಕಾರು ಹಸುವಾಗಿಯೇ ಇರುತ್ತದೆ ಅಲ್ಲವೇ? ಹೌದು ಎಂದು ಒಂದೇ ಒಂದು ಸಾಲು ಬರೆಯಿರಿ.

*

ಶನಿವಾರ, ೧೩ನೇ ತಾರೀಕು, ಮಧ್ಯಾಹ್ನ

ಇವಳೇ,

ಮುಂದೆ ಓದುವ ಮೊದಲು ಕಾರಿನ ಕೀಲಿ ನಿನ್ನ ಕೈಗೆ ತೆಗೆದುಕೋ. ಬಚ್ಚಿಡು, ಟೈರು ಕೊಯ್ಯಿ, ಚಕ್ರದ ಮುಂದೆ ಮಲಗು, ಏನು ಬೇಕಾದರೂ ಮಾಡು. ಅವಳು ಆ ಕಾರನ್ನು ಓಡಿಸಕೂಡದು.

ನೀನು ಕಿತ್ತದ್ದು ಕೊಬ್ಬಿನ ಪೈಪಲ್ಲ. ಲಗಾಮು. ಟರ್ಬೊ ಎಂಜಿನ್ನಿನೊಳಗೆ ಗಾಳಿ ತುರುಕುತ್ತಾ ಹೋಗುತ್ತದೆ. ಒತ್ತಡ ಮಿತಿ ದಾಟುವ ಹೊತ್ತಿಗೆ ಪಕ್ಕದಲ್ಲಿ ಒಂದು ಸಣ್ಣ ಬಾಗಿಲು ತೆರೆದುಕೊಂಡು ಅದರ ಬಿರುಸು ಇಳಿಸಬೇಕು. ಸಾಕು, ಬಾಗಿಲು ತೆಗೆ ಎಂದು ಸುದ್ದಿ ಮುಟ್ಟಿಸುವುದೇ ಆ ತೆಳ್ಳನೆಯ ಪೈಪು. ಅದಿಲ್ಲದಿದ್ದರೆ ಬಾಗಿಲು ತೆರೆಯುವುದೇ ಇಲ್ಲ. ನಿಂತಲ್ಲಿ, ನಿಧಾನವಾಗಿ ಹೋಗುವಲ್ಲಿ ಏನೂ ಗೊತ್ತಾಗುವುದಿಲ್ಲ. ಏರಿನಲ್ಲಿ ಕಾಲು ಒತ್ತಿದಾಗ ಮಾತ್ರ ಅದು ಏರುತ್ತಲೇ ಹೋಗುತ್ತದೆ, ಎಂಜಿನ್ ಒಡೆಯುವವರೆಗೆ. ಅದರ ಮೇಲೆ ಅವಳು ಹಾಕಿರುವುದು ದೊಡ್ಡ ಟರ್ಬೊ.

ತಪ್ಪು ನಿನ್ನದಲ್ಲ. ಅಂದು ನಾನು ಕಾರಿನಿಂದ ಏನನ್ನೂ ಕೀಳಲಿಲ್ಲ. ಹಿಂದಿನ ವಾರ ಪೈಪು ಬದಲಾಯಿಸಿದಾಗ ಉಳಿದ ತುಂಡೊಂದು ಜೇಬಿನಲ್ಲಿತ್ತು. ನಿನ್ನ ಅಳು ನಿಲ್ಲಲಿ ಎಂದು ಅದನ್ನೇ ನಿನ್ನ ಕೈಗೆ ಹಾಕಿ ಬಾಯಿಗೆ ಬಂದದ್ದು ಹೇಳಿದೆ. ಆಮೇಲೆ ಕಾರು ಹಸುವಾದದ್ದು ನನ್ನ ಕಾಲಿನಿಂದ. ನೀನು ಪಕ್ಕದಲ್ಲಿದ್ದೆ, ಹೊಟ್ಟೆಯಲ್ಲಿ ಅವಳಿದ್ದಳು. ಕಾಲು ತಾನಾಗಿಯೇ ಹಗುರಾಯಿತು. ನಿಧಾನ ಮಾಡುತ್ತೇನೆ ಎಂದು ಬಾಯಿಬಿಟ್ಟು ಹೇಳಲು ಗಂಡಸುತನ ಅಡ್ಡ ಬಂತು, ಅದಕ್ಕೇ ಪೈಪಿನ ಕಥೆ ಕಟ್ಟಿದೆ.

ನಿನ್ನ ತಮ್ಮ ಹೋದ ದಿನವೂ ಅಷ್ಟೇ. ಹೊಸ ಪೈಪೂ ಇರಲಿಲ್ಲ, ಕಳ್ಳತನವೂ ಇರಲಿಲ್ಲ. ಅವನು “ಇನ್ನೂ ಒತ್ತಿ ಭಾವ” ಎಂದು ನಗುತ್ತಿದ್ದ, ನಾನು ಒತ್ತಿದೆ. ಅಂದು ನೀನು ಪೈಪನ್ನು ಬೈದೆ, ನಾನು ಇಪ್ಪತ್ತು ವರ್ಷ ಸುಮ್ಮನಿದ್ದೆ. ನನ್ನ ಕಾಲಿಗೆ ಬರಬೇಕಾದ ಬೈಗುಳ ಅದಕ್ಕೆ ಹೋಗಲಿ ಎಂದು ಬಿಟ್ಟುಬಿಟ್ಟೆ. ಆ ಸುಮ್ಮನಿದ್ದದ್ದು ಹೀಗೆ ಬಂದು ಮಗಳ ಕುತ್ತಿಗೆಗೆ ಕೂರುತ್ತದೆಂದು ಯಾರಿಗೆ ಗೊತ್ತಿತ್ತು?

ನಾನೇ ಹೊರಟುಬರುತ್ತಿದ್ದೆ. ಹೋದ ತಿಂಗಳು ಇಲ್ಲಿನ ಕಲ್ಲು ಕ್ವಾರಿಯಲ್ಲಿ ಜಾಕಿ ಜಾರಿ ಬಲಗಾಲು ಮುರಿದಿದೆ, ತೊಡೆಯವರೆಗೆ ಪ್ಲಾಸ್ಟರು. ಇಬ್ಬರು ಹಿಡಿದು ಎತ್ತಿದರೂ ಲಾರಿ ಹತ್ತಲಾಗಲಿಲ್ಲ. ಕ್ಯಾಂಪಿನ ಫೋನು ಮೂರು ದಿನದಿಂದ ಸತ್ತಿದೆ. ಕಲ್ಲು ಹೇರಿಕೊಂಡು ಹೊರಟಿರುವ ಡ್ರೈವರ್ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ.

ಮುಖ ತೋರಿಸಲಾರದ,
ಅವಳ ಅಪ್ಪ

ಮತ್ತೆ: ನಾಳೆ ಬೆಳಗ್ಗೆ ಎಂಟೂವರೆ, ಒಂಬತ್ತರ ಒಳಗೆ ಮುಟ್ಟಿಸುತ್ತೇನೆ ಎನ್ನುತ್ತಾನೆ ಡ್ರೈವರ್. ಅವಳು ಎಷ್ಟು ಹೊತ್ತಿಗೆ ಹೊರಡುತ್ತಾಳೆಂದು ನೀನು ಬರೆದೇ ಇಲ್ಲ.

*

ಭಾನುವಾರ, ೧೪ನೇ ತಾರೀಕು, ಸಂಜೆ

ಏನೂಂದ್ರೆ,

ಮಗಳು ಬದುಕಿದ್ದಾಳೆ. ಮೊದಲು ಅದನ್ನು ಓದಿಕೊಳ್ಳಿ.

ಡ್ರೈವರ್ ಬಂದಾಗ ಒಂಬತ್ತಕ್ಕೆ ಕಾಲು ಗಂಟೆ ಇತ್ತು. ಅವಳು ಎಂಟೂವರೆಗೇ ಹೊರಟಿದ್ದಳು. ಗೇಟಿನಿಂದ ಕೈಬೀಸಿ ಕಳಿಸಿದವಳೂ ನಾನೇ, ಒಳಗೊಳಗೇ ನಗುತ್ತಾ, ಹೋಗು ಹೋಗು, ಹಸು ಓಡಿಸಿಕೊಂಡು ಬಾ ಎಂದು. ನಿಮ್ಮ ಕಾಗದವನ್ನು ಗೇಟಿನಲ್ಲೇ ನಿಂತು ಓದಿದೆ. ಗುಡ್ಡದ ಕಡೆ ಕೈ ತೋರಿಸಿದೆ. ಡ್ರೈವರ್ ಒಳ್ಳೆಯ ಮನುಷ್ಯ, ಏನೆಂದು ಕೇಳಲಿಲ್ಲ, ಹತ್ತಿ ಅಮ್ಮಾ ಎಂದ. ಕಲ್ಲು ಹೇರಿದ ಲಾರಿ ಗುಡ್ಡ ಹತ್ತುವುದೆಂದರೆ ಹೇಗಿರುತ್ತದೆ ನಿಮಗೆ ಗೊತ್ತು. ಒಂದೊಂದು ತಿರುವಿನಲ್ಲೂ ನಾನು ರಸ್ತೆ ನೋಡಲಿಲ್ಲ, ರಸ್ತೆಯಾಚೆ ಕೆಳಗೆ ನೋಡಿದೆ.

ಮೂರನೇ ತಿರುವಿನಲ್ಲಿ ಹೊಗೆ ಕಂಡಿತು. ಕೆಂಪಿ ರಸ್ತೆಯಂಚಿನ ಕಲ್ಲುಗೂಟಕ್ಕೆ ಒರಗಿ ನಿಂತಿದ್ದಳು, ಒಂದು ಚಕ್ರ ಗಾಳಿಯಲ್ಲಿ. ಆ ಕಲ್ಲಿನಾಚೆ ಏನಿದೆಯೆಂದು ನಾನು ನಿಮಗೆ ಬರೆಯಬೇಕಾಗಿಲ್ಲ. ಮಗಳು ರಸ್ತೆಯ ಮೇಲೆ ಕೂತಿದ್ದಳು, ಹಣೆಯಿಂದ ರಕ್ತ. “ಟರ್ಬೊ ಒತ್ತಡದ ಮೀಟರ್ ಮುಳ್ಳು ಕೆಂಪು ಗೆರೆ ದಾಟ್ಕೊಂಡು ಹೋಯ್ತಮ್ಮ. ಮೀಟರೇ ಕೆಟ್ಟಿದೆ ಅಂದ್ಕೊಂಡೆ. ಆಮೇಲೆ ಢಬ್ ಅಂತು” ಎಂದಳು. ಎಂಜಿನ್ ಒಡೆದು ಎಣ್ಣೆ ಟೈರಿನ ಕೆಳಗೇ ಚೆಲ್ಲಿತಂತೆ. ಬ್ರೇಕು ಒತ್ತಿದರೂ ಕಾರು ಜಾರುತ್ತಲೇ ಹೋಯಿತಂತೆ. ಬಾನೆಟ್ ಎತ್ತಿ ನೋಡುತ್ತಾ ತುಂಬ ಹೊತ್ತು ನಿಂತಿದ್ದಳು. ಎಲ್ಲ ಎಣ್ಣೆ, ಮಸಿ.

ಲಾರಿಯಲ್ಲೇ ಮನೆಗೆ ಬಂದೆವು. ನಾನು ನೀರು ಕಾಯಿಸುವಷ್ಟರಲ್ಲಿ ಅವಳೇ ಒಳಗೆ ಹೋಗಿ ಬಟ್ಟೆ ಹುಡುಕಿ ಹಣೆಗೆ ಕಟ್ಟಿಕೊಂಡು ಬಂದಳು. ಹೊಸ್ತಿಲ ಮೇಲೆ ಕೂತು ನನ್ನ ಮುಖವನ್ನೇ ನೋಡುತ್ತಾ, “ಅಮ್ಮ, ಟರ್ಬೊ ಪಕ್ಕದ ಸಣ್ಣ ಪೈಪು ಇಲ್ಲ. ನಾನೇ ಹಾಕೋದು ಮರ್ತಿರ್ಬೇಕು. ಇನ್ನು ನನ್ನ ಕೈನ ನಾನೇ ನಂಬಲ್ಲ” ಎಂದಳು.

ನಾಲಿಗೆಯ ತುದಿಗೆ ಬಂದಿತ್ತು. ಬಾಯಿ ತೆರೆದೆ ಕೂಡ. ಆದರೆ ಹೊರಗೆ ಬಂದದ್ದು, “ಹೋಗ್ಲಿ ಬಿಡು ಮಗಾ, ಯಾರ್ಗಾದ್ರೂ ಆಗುತ್ತೆ” ಎಂಬ ಮಾತು. ಹಾಲು ಬಿಸಿ ಮಾಡಿ ಕೊಟ್ಟೆ. ಅವಳು ಕುಡಿಯಲಿಲ್ಲ. ನಾಳೆ ಗುಜರಿಯವನನ್ನು ಕರೆಸು ಎಂದಳು. ಎರಡು ವರ್ಷದಿಂದ ಅವಳ ಬಾಯಲ್ಲಿ ನಾನು ಕೇಳಬೇಕೆಂದಿದ್ದ ಮಾತು ಅದು. ಕೇಳಿ ಸಂತೋಷವಾಗಲಿಲ್ಲ, ಆದರೆ ಬೇಡವೆಂದೂ ಹೇಳಲಿಲ್ಲ.

ನೀವು ನನ್ನನ್ನು ಬೈಯುತ್ತೀರಿ, ಬೈಯಿರಿ. ನಿಜ ಹೇಳಿದರೆ ಅವಳು ನನ್ನ ಮುಖ ನೋಡುವುದಿಲ್ಲ, ಮತ್ತೆ ಆ ಕಾರನ್ನು ಕಟ್ಟುತ್ತಾಳೆ. ಸುಮ್ಮನಿದ್ದರೆ ಮಗಳು ಮನೆಯಲ್ಲಿ ಉಳಿಯುತ್ತಾಳೆ. ನೀವು ಇಪ್ಪತ್ತು ವರ್ಷ ಸುಮ್ಮನಿದ್ದವರು, ನನ್ನ ಸಲುವಾಗಿ ಇನ್ನೊಂದಷ್ಟು ದಿನ ಇರಿ. ನನ್ನ ಹಿಂದಿನ ಕಾಗದ ಸುಟ್ಟುಬಿಡಿ. ನಿಮ್ಮದನ್ನು ಯಾರ ಕೈಗೂ ಸಿಗದ ಕಡೆ ಇಟ್ಟಿದ್ದೇನೆ. ಅವಳಿಗೆ ಒಂದು ಕಾಗದ ಬರೆಯಿರಿ, ಎಂಥ ಮೆಕ್ಯಾನಿಕ್ಕಿಗೂ ಒಮ್ಮೆ ಮರೆವು ಆಗುತ್ತದೆ, ನನಗೂ ಆಗಿತ್ತು ಎಂದು. ಅಪ್ಪನ ಮಾತೆಂದರೆ ನಂಬುತ್ತಾಳೆ. ಅಷ್ಟು ಮಾಡಿದರೆ ಬಾಗಿಲು ತೆಗೆಯುತ್ತೇನೆ. ಕಾಲು ವಾಸಿಯಾದ ಮೇಲೆ ಬನ್ನಿ.

ನಿಮ್ಮ,
ಇವಳು

ಕೆಳಗಿನ ಅಕ್ಷರ ಅಮ್ಮನದಲ್ಲ: ಅಪ್ಪಾ, ಲಕೋಟೆಗೆ ಅಂಟು ತರಲು ಅಮ್ಮ ಪಕ್ಕದ ಮನೆಗೆ ಹೋಗಿದ್ದಾಳೆ. ನಾನು ನಿಮಗೆ ಬರೆಯುತ್ತಿರುವ ಮೊದಲ ಸಾಲುಗಳು ಇವು. ಬೆಳಗ್ಗೆ ಹಣೆಗೆ ಕಟ್ಟಲು ಬಟ್ಟೆ ಹುಡುಕುತ್ತಾ ಅವಳ ಹೊಲಿಗೆ ಡಬ್ಬಿ ತೆಗೆದೆ. ಒಂದು ಬೂದು ಗುಂಡಿ, ಎರಡು ಪೈಪು. ಒಂದು ಒಣಗಿ ಬಿರುಕು ಬಿಟ್ಟಿತ್ತು. ಇನ್ನೊಂದರ ತುದಿಯಲ್ಲಿ ನನ್ನ ಕೆಂಪು ಚುಕ್ಕೆ ಇತ್ತು. ಎಲ್ಲ ನೋಡಿಯೇ ಹೊಸ್ತಿಲಿಗೆ ಬಂದು ನಾನೇ ಮರೆತೆ ಎಂದೆ, ಅವಳು ಬಾಯಿಬಿಟ್ಟು ಹೇಳಲಿ ಎಂದು. ಅವಳು ಹಾಲು ಕೊಟ್ಟಳು. ಈಗ ಮತ್ತೆ ತೆಗೆದರೆ ನಿಮ್ಮ ಕಾಗದವೂ ಅದೇ ಡಬ್ಬಿಯಲ್ಲಿದೆ. ಮಾವ ಯಾವ ಕಾರಿನಲ್ಲಿ ಹೋದರು ಎಂಬುದು ಗೊತ್ತಾಯಿತು. ಹೆಜ್ಜೆ ಸದ್ದು ಕೇಳಿಸುತ್ತಿದೆ, ಇದನ್ನು ಮಡಿಸಿ ಒಳಗಿಡುತ್ತೇನೆ. ಅವಳು ಹೇಳಿಕೊಟ್ಟ ಹಾಗೆ ನೀವು ನನಗೆ ಬರೆಯುತ್ತೀರೋ ಇಲ್ಲವೋ, ಕಾದು ನೋಡುತ್ತೇನೆ.