ಹಿಂದಿನ ಎರಡು ಮಡ್‌ಗಾರ್ಡ್

ರೇವಣಸಿದ್ದ,

ಇಂದು ಮನೆಗೆ ಯಾರೂ ಬರುವುದಿಲ್ಲ. ನಿಮ್ಮಣ್ಣನ ದಿವಸದ ಕಾರ್ಯವೆಲ್ಲ ನಿನ್ನೆಗೆ ಮುಗಿಯಿತು. ಜಮಖಾನ ಮಡಚಿಟ್ಟಿದ್ದೇನೆ. ಮಂಡಕ್ಕಿ ಒಗ್ಗರಣೆ ಮುಚ್ಚಿಟ್ಟಿದೆ, ತಿಂದು ಗಾಡಿ ಕೆಲಸ ಹಿಡಿ.

ಪಿಕಪ್‌ನ ಮುಂದಿನ ಮಡ್‌ಗಾರ್ಡ್‌ಗಳ ಒಳಗೆ ನಿಮ್ಮಣ್ಣ ಕರಿ ಕೋಟಿಂಗ್ ಹೊಡೆದಿದ್ದಾರೆ. ಹಿಂದಿನ ಎರಡು ನಿನ್ನವು. ಹೋದ ವರ್ಷ ತುಕ್ಕು ಹಿಡಿಯಬಾರದೆಂದು ಅಣ್ಣತಮ್ಮ ಸೇರಿ ಬಳಿದ ಸುಟ್ಟ ಆಯಿಲ್ ಇನ್ನೂ ಅಲ್ಲೇ ಇದೆ. ಅದಕ್ಕೆ ಸಂಡೂರಿನ ಕೆಂಪು ಧೂಳು ರೊಟ್ಟಿಯಷ್ಟು ದಪ್ಪ ಅಂಟಿದೆ. ಅದರ ಮೇಲೇ ಕೋಟಿಂಗ್ ಹೊಡೆದರೆ ಒಂದೇ ಮಳೆಗೆ ಕಿತ್ತು ಬರುತ್ತದೆ. ಚಕ್ರ ಬಿಚ್ಚು. ಮೊದಲು ಡೀಸೆಲ್ ಹಾಕಿ ಒರೆಸು, ಆಮೇಲೆ ಸೋಪಿನ ನೀರು, ಆಮೇಲೆ ತಂತಿ ಬ್ರಷ್. ಪೂರ್ತಿ ಒಣಗಲಿ. ಬ್ರೇಕಿಗೆ ಪೇಪರ್ ಸುತ್ತಿ ಕೋಟಿಂಗ್ ಹೊಡೆ. ಜಲ್ದಿ ಬ್ಯಾಡ.

"ತುಕ್ಕು ತಿಂದ ಗಾಡಿ ಯಾಕವ್ವ, ಮಾರಿಬಿಡೋಣು" ಎಂದು ಮಾವ ನಿನ್ನೆಯೂ ಅಂದರು. ತಳ ಗಟ್ಟಿಯಾದರೆ ಇಟ್ಟುಕೊಳ್ಳೋಣ ಎಂದು ಹೇಗೋ ಒಪ್ಪಿಸಿದ್ದೇನೆ. ಸಂಜೆ ಟಾರ್ಚ್ ಹಿಡಿದು ಅವರಿಗೆ ತೋರಿಸು.

ನಾನು ಕಂಪ್ಲಿ ಬಸ್ಸಿಗೆ ಹೊರಟಿದ್ದೇನೆ. ಸೋಮವಾರದಿಂದ ಬಾಳೆಗೊನೆ ಸಾಗಿಸಲು ನಾನೇ ಗಾಡಿ ತರುತ್ತೇನೆಂದು ಮೆಟ್ರಿಯ ಹಾಲಸ್ವಾಮಿಯವರಿಗೆ ಹೇಳಬೇಕು. ನಗಬೇಡ.

ದಾರಿಯಲ್ಲಿ ಜಂಬುನಾಥ್ ಅವರ ಡ್ರೈವಿಂಗ್ ಸ್ಕೂಲಿಗೂ ಹೋಗುತ್ತೇನೆ. ನನಗೆ ಕಲಿಸುವಾಗ ಗಾಡಿಯ ಹಿಂದೆ ಕಟ್ಟಲು ನಿಮ್ಮಣ್ಣ ಅಲ್ಲಿಂದ 'ಎಲ್' ಬೋರ್ಡು ಕೇಳಿ ತಂದಿದ್ದರು. ನನಗೆ ಲೈಸೆನ್ಸ್ ಬಂದ ಮೇಲೂ, "ಇರ್ಲಿ ಬಿಡು, ಮಂದಿ ದೂರ ಸರೀತಾರ" ಎಂದು ಬಿಚ್ಚಲು ಬಿಟ್ಟಿರಲಿಲ್ಲ. ಇವತ್ತು ಬಿಚ್ಚಿದೆ. ಕೊಟ್ಟು ಬರುತ್ತೇನೆ.

ಅತ್ತಿಗೆ